ಇಡ್ಲಿಗೆ ಫೋರ್ಕು, ಕಾಲಿಗೆ ಕೆಸರು

ಸಿಲೋನಿಗೆ ಹೊರಟಿದ್ದ ದೇಶದ ಶಾಲಾ ಫುಟ್‌ಬಾಲ್ ತಂಡಕ್ಕೆ ನಾನೂ ಆಯ್ಕೆಯಾಗಿದ್ದೆ. ತರಬೇತಿ ಶಿಬಿರ ನಮ್ಮ ಮೈಸೂರಿನಲ್ಲೇ ನಡೆಯಿತು. ತಂಡದ ಮ್ಯಾನೇಜರು ಅರಮನೆ ಚಾಕರಿಯ ಮನೆತನದವರು. ಜನ್ಮದಲ್ಲಿ ಚೆಂಡು ಒದ್ದವರಲ್ಲ. ಬರಿಗಾಲಲ್ಲಿ ಆಡುತ್ತಿದ್ದ ನಾವು ಬೂಟು ಕೇಳಿದರೆ ನಕ್ಕುಬಿಟ್ಟರು.

"ಬೂಟು ಯಾಕ್ರೋ? ಮಾನ ಹೋಗೋದು ಊಟದ ಮೇಜಲ್ಲಿ ಕಣ್ರೋ. ಮೊದಲು ಅದನ್ನ ಕಲೀರಿ."

ದಿನಾ ಸಂಜೆ ಆಟ ನಿಲ್ಲಿಸಿ, ಜಯಲಕ್ಷ್ಮಿಪುರಂನ ಅವರ ಮನೆಯಲ್ಲಿ ಇಡ್ಲಿಯನ್ನು ಫೋರ್ಕಿನಿಂದ ಚುಚ್ಚಿ ಚಾಕುವಿನಿಂದ ಕೊಯ್ಯುವುದನ್ನು ಕಲಿತೆವು. ಇಡ್ಲಿಗೆ ಅಂಥ ಗತಿ ತಂದ ಮನುಷ್ಯನನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಕೊಲಂಬೊದಲ್ಲಿ ಮಳೆ ಬಂದು ಮೈದಾನ ಕೆಸರಾಗಿತ್ತು. ಎದುರಾಳಿಗಳಾದ ಅಲ್ಲಿನ ಶಾಲೆಯೊಂದರ ಹುಡುಗರೆಲ್ಲ ಬೂಟು ಹಾಕಿದ್ದರು. ನಾವು ಜಾರಿ ಜಾರಿ ಬಿದ್ದು ಆರು ಗೋಲು ಹೊಡೆಸಿಕೊಂಡೆವು. ಒಬ್ಬನ ಬೂಟಿನಡಿ ಸಿಕ್ಕಿ ನನ್ನ ಕಾಲಿನ ಹೆಬ್ಬೆರಳ ಉಗುರು ಕಿತ್ತುಬಂತು.

ಸಂಜೆ ಆ ಶಾಲೆಯವರು ಔತಣ ಕೊಟ್ಟರು. ಬಾಳೆಯೆಲೆ ಹಾಕಿ ಅನ್ನ ಬಡಿಸಿದ್ದೇ ತಡ, ಅವರ ಹೆಡ್‌ಮಾಸ್ಟರೇ ಕೈಯಲ್ಲಿ ಕಲಸಿ ಉಣ್ಣತೊಡಗಿದರು. ನಾವೂ ಕೈ ತೊಳೆದು ಕೂತೆವು. ನಮ್ಮ ಮಹಾಶಯರು ಮಾತ್ರ ಫೋರ್ಕು ತರಿಸಿಕೊಂಡು ಅಗುಳುಗಳನ್ನು ಎಲೆಯ ತುಂಬ ಅಟ್ಟಾಡಿಸಿದರು. ಕೊನೆಗೆ ಎಲೆ ಹರಿದು ಸಾರೆಲ್ಲ ಅವರ ಬಿಳಿ ಪ್ಯಾಂಟಿಗೆ ಇಳಿಯಿತು.

ಊರಿಗೆ ಬಂದ ಮೇಲೆ ಸನ್ಮಾನ. ಮ್ಯಾನೇಜರ ತಲೆಗೆ ಜರಿಪೇಟ, ಕೊರಳಿಗೆ ಮಲ್ಲಿಗೆ ಹಾರ. "ನಮ್ಮ ಹುಡುಗ್ರು ದೇಶದ ಮಾನ ಉಳಿಸಿಬಿಟ್ರು ಕಣ್ರೀ!" ಎಂದರು. ಸಭೆ ಚಪ್ಪಾಳೆ ತಟ್ಟಿತು. ಮ್ಯಾಚು ಏನಾಯಿತೆಂದು ಒಬ್ಬರೂ ಕೇಳಲಿಲ್ಲ. ನಾನು ವೇದಿಕೆಯ ಮೇಲೆ ಹೊಸ ಬೂಟು ಹಾಕಿಕೊಂಡು ನಿಂತಿದ್ದೆ. ಫೋಟೋದಲ್ಲಿ ಚೆನ್ನಾಗಿ ಕಾಣಲೆಂದು ಅವತ್ತು ಬೆಳಿಗ್ಗೆ ಕೊಟ್ಟಿದ್ದರು. ಉಗುರಿಲ್ಲದ ಹೆಬ್ಬೆರಳು ಒಳಗೇ ಉರಿಯುತ್ತಿತ್ತು.