ಕೂತು ತೋರಿಸಿದವಳು

ಇಪ್ಪತ್ತೆರಡು ವರ್ಷ ಬಟ್ಟೆ ಅಂಗಡಿಯಲ್ಲಿ ನಿಂತೇ ಬಟ್ಟೆ ಬಿಡಿಸಿ ತೋರಿಸಿದ ಹೆಂಗಸು ಅವಳು. ಗಿರಾಕಿ ಇಲ್ಲದಾಗಲೂ ಕೂರುವಂತಿರಲಿಲ್ಲ. ಕಾಲುಗಳು ಊದಿ ಕಂಬವಾಗಿದ್ದವು. ಅಂಗಡಿ ಹೆಂಗಸರಿಗೆ ಕೂರುವ ಹಕ್ಕು ಬೇಕೆಂದು ಸಂಘದವರು ಬೀದಿನಾಟಕ ಕಟ್ಟಿದಾಗ ಅವಳಿಗೆ ಸಿಕ್ಕಿದ್ದು ಕುರ್ಚಿಯಲ್ಲಿ ಕೂರುವ ಪಾತ್ರ. ಮಾಲೀಕನ ವೇಷದವನು ಬಂದರೆ ಸಾಕು, ದಡಬಡಿಸಿ ಎದ್ದುಬಿಡುತ್ತಿದ್ದಳು.

"ಅಕ್ಕಾ, ಅವನು ನಮ್ಮ ಸಂಘದ ಪೇಂಟರ್ ಕಣಕ್ಕ, ಕೂತ್ಕೊಳ್ಳಕ್ಕ!" ಎಂದು ನಾಟಕದವರೆಲ್ಲ ನಗುತ್ತಿದ್ದರು.

ವರ್ಷ ಕಳೆದ ಮೇಲೆ ಕೂರುವ ಹಕ್ಕಿನ ಕಾನೂನು ಬಂದೇಬಂತು. ಮಗಳು ಇಂಗ್ಲಿಷ್ ಪೇಪರ್ ಓದಿ, "ಅಮ್ಮಾ, ಶಾಸನ ಮಾಡೋದಕ್ಕೂ 'ಎನಾಕ್ಟ್' ಅಂತಾರೆ, ನಾಟಕ ಆಡೋದಕ್ಕೂ 'ಎನಾಕ್ಟ್' ಅಂತಾರೆ," ಎಂದಳು.

"ಎರಡಕ್ಕೂ ಒಂದೇ ಮಾತಾ? ಹಾಗಾದ್ರೆ ನಾನು ಬೀದೀಲಿ ಮಾಡಿದ್ದನ್ನೇ ಅಷ್ಟು ದೊಡ್ಡೋರು ಸಭೇಲಿ ಮಾಡಿದ್ರಾ?"

"ಹೂಂ. ಆದ್ರೆ ಅವರು ಮಾಡಿದ್ದನ್ನ ನಿಮ್ಮ ಮಾಲೀಕನೂ ಕೇಳ್ಬೇಕು."

ಅವಳು ಮೂಗಿನ ಮೇಲೆ ಬೆರಳಿಟ್ಟುಕೊಂಡಳು.

ಕಾನೂನು ಜಾರಿಯಾದ ದಿನ ಅಂಗಡಿಗೆ ಸ್ಟೂಲು ಬಂತು. ಅವಳು ಕೂತಳು. ಮಾಲೀಕ ಒಳಗೆ ಬಂದ; ಈ ಸಲ ನಿಜವಾದ ಮಾಲೀಕ. ಅವಳು ಸ್ಟೂಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಏಳಲಿಲ್ಲ. ಅವನು ಒಮ್ಮೆ ನೋಡಿ ಮುಂದೆ ಹೋದ. ತನ್ನ ಕಣ್ಣನ್ನು ತಾನೇ ನಂಬದೆ, ಅವಳು ಕೂತಲ್ಲೇ ಬಟ್ಟೆ ಮಡಿಸತೊಡಗಿದಳು.