ಗೇಟಿನ ಮೇಲಿನ ಟವೆಲ್

ನಮ್ಮ ಬೀದಿಯ ಅಪ್ಪಂದಿರು ಹಗಲು ಹೊತ್ತಿನಲ್ಲಿ ಮಲಗುತ್ತಿದ್ದ ಕಾಲವದು. ಭದ್ರಾವತಿಯ ಜನ್ನಾಪುರದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ, ಬೆಳಿಗ್ಗೆ ಸೈಕಲ್ಲಿನಲ್ಲಿ ಬಂದು, ಮೈಗಂಟಿದ ಎಣ್ಣೆ, ಕಬ್ಬಿಣದ ವಾಸನೆಯನ್ನು ಅರ್ಧಂಬರ್ಧ ತೊಳೆದುಕೊಂಡು, ತಿಂಡಿ ತಿಂದು ಮಲಗಿಬಿಡುತ್ತಿದ್ದರು. ಅದಕ್ಕೂ ಮುಂಚೆ ಒದ್ದೆ ಟವೆಲನ್ನು ಗೇಟಿನ ಮೇಲೆ ಹರಡುತ್ತಿದ್ದರು. ಟವೆಲ್ ಇದ್ದರೆ ಒಳಗೊಬ್ಬರು ಮಲಗಿದ್ದಾರೆ, ಬಾಯಿ ಮುಚ್ಚಿಕೊಂಡಿರಿ ಎಂದರ್ಥ. ಈ ಕಾಯ್ದೆ ಮಾಡಿದ್ದು ಯಾರೋ ಗೊತ್ತಿಲ್ಲ, ಮುರಿದವರನ್ನಂತೂ ನಾನು ನೋಡಿಲ್ಲ. ಸೊಪ್ಪಿನವಳು ಅಂಥ ಮನೆ ಮುಂದೆ ಕೂಗುತ್ತಿರಲಿಲ್ಲ. ಐಸ್‌ಕ್ಯಾಂಡಿಯವನು ಗಂಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ದಾಟುತ್ತಿದ್ದ. ಅವನು ಬಂದುಹೋದದ್ದೇ ತಿಳಿಯದೆ ನಾವು ಎಷ್ಟು ಕ್ಯಾಂಡಿ ಕಳೆದುಕೊಂಡೆವೋ!

ಹಾಗಾಗಿ ನಮ್ಮದೆಲ್ಲ ಮೂಕ ಆಟ. ಬೇರೆ ಬೀದಿಯ ಮಕ್ಕಳು ಬಿಲ್ಲೆ ಜೋಡಿಸಿ "ಲಗೋರಿ" ಎಂದು ಕಿರುಚಿದರೆ, ನಾವು ಎರಡೂ ಕೈ ಮೇಲೆತ್ತಿ ನಿಲ್ಲುತ್ತಿದ್ದೆವು. ಗೆದ್ದೆವು ಅಂತ ಅದರರ್ಥ. ಜಗಳವೂ ಪಿಸುಮಾತಿನಲ್ಲೇ ಆಗಬೇಕು. ಪಿಸುಗುಟ್ಟುತ್ತಾ ಜಗಳವಾಡಿ ನೋಡಿ, ಸಿಟ್ಟು ನಿಲ್ಲುವುದಿಲ್ಲ, ನಗು ಬಂದುಬಿಡುತ್ತದೆ. ಎಲ್ಲರಿಗಿಂತ ಮೊದಲು ನಗುತ್ತಿದ್ದವಳು ಪಕ್ಕದ ಮನೆಯ ಸೆಲ್ವಿ. ಅವಳಪ್ಪ ಆರ್ಮುಗಂ ಮಾಮ ನನ್ನಪ್ಪನ ಜೊತೆಯೇ ಕೆಲಸ ಮಾಡುತ್ತಿದ್ದರು. ಅಪ್ಪನದು ಕಾಯಂ, ಮಾಮನದು ಕಾಂಟ್ರಾಕ್ಟ್. ಗೇಟಿನ ಮೇಲೆ ಒಣಗುವ ಟವೆಲ್‌ಗಳಲ್ಲಿ ಆ ವ್ಯತ್ಯಾಸ ನಮಗೆ ಕಂಡಿರಲಿಲ್ಲ.

ನಾನೂ ಸೆಲ್ವಿಯೂ ಆರನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಕಾರ್ಖಾನೆಯವರು ಕಾಂಟ್ರಾಕ್ಟಿನವರಿಗೆ ಇನ್ನು ಬರುವುದು ಬೇಡ ಎಂದು ಹೇಳಿದರು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಆದರೂ ಮರುದಿನ ಬೆಳಿಗ್ಗೆ ಆರ್ಮುಗಂ ಮಾಮನ ಗೇಟಿನ ಮೇಲೆ ಟವೆಲ್ ಇತ್ತು. ಅದರ ಮರುದಿನವೂ ಇತ್ತು.

"ಮಾಮಂಗೆ ಕೆಲ್ಸ ಇಲ್ವಂತಲ್ಲಪ್ಪಾ, ಮತ್ತೆ ಟವೆಲ್ ಯಾಕೆ?" ಎಂದು ಕೇಳಿದೆ.

ಅಪ್ಪ ಬೂಟಿನ ಲೇಸು ಬಿಚ್ಚುತ್ತಾ, "ಟವೆಲ್ ಇದ್ರೆ ಗಲಾಟೆ ಮಾಡ್ಬಾರ್ದು. ಅಷ್ಟು ಗೊತ್ತಿದ್ರೆ ಸಾಕು ನಿಂಗೆ" ಅಂದರು.

ಟವೆಲ್ ಇರುವ ಮನೆಯ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ಏನಾಯಿತು, ಮುಂದೇನು ಎಂದು ಯಾರೂ ಕೇಳುವುದಿಲ್ಲ. ಮಾಮನಿಗೆ ಬೇಕಾಗಿದ್ದದ್ದು ಅದೇ ಎಂದು ದೊಡ್ಡವರಿಗೆ ಅರ್ಥವಾಗಿತ್ತು. ನಾವು ಮಕ್ಕಳು ಕೈ ಎತ್ತಿ, ಕೈ ಇಳಿಸಿ ಆಡಿದೆವು. ಈಗ ಸೆಲ್ವಿ ನಗುತ್ತಿರಲಿಲ್ಲ. ಯಾರಾದರೂ ಸ್ವಲ್ಪ ಜೋರಾಗಿ ಮಾತಾಡಿದರೂ, "ಅಪ್ಪ ಮಲ್ಗಿದಾರೆ ಕಣ್ರೇ" ಅನ್ನುತ್ತಿದ್ದಳು.

ನಮ್ಮ ಬೀದಿಯಲ್ಲಿ ಪಾತ್ರೆ ಖಾಲಿ ಹಿಂತಿರುಗುತ್ತಿರಲಿಲ್ಲ. ಅಮ್ಮ ಅಕ್ಕಿರೊಟ್ಟಿ ಕಳಿಸಿದರೆ ಸೆಲ್ವಿಯ ಅಮ್ಮ ಪುಷ್ಪತ್ತೆ ಅದೇ ಡಬ್ಬಿಯಲ್ಲಿ ಕಾರಕ್ಕುಳಂಬು ಎನ್ನುವ ಹುಣಸೆ, ಬೆಳ್ಳುಳ್ಳಿಯ ಖಾರದ ಸಾರು ಕಳಿಸುತ್ತಿದ್ದರು. ಮುಚ್ಚಳ ತೆಗೆದರೆ ಇಡೀ ಮನೆಗೆ ಘಮ. ಆ ಬೇಸಿಗೆಯಲ್ಲಿ ಡಬ್ಬಿ ತೊಳೆದು ಖಾಲಿಯೇ ಬಂತು. ಮಾರನೇ ದಿನ ಅಮ್ಮ ಎರಡು ರೊಟ್ಟಿ ಹೆಚ್ಚಿಗೆ ಇಟ್ಟು, "ಹಿತ್ಲ ಬಾಗ್ಲಿಂದ ಕೊಟ್ಟು ಬಾ. ಮಾತಾಡ್ಬೇಡ" ಎಂದರು.

ಹಿತ್ತಲ ಬಾಗಿಲು ತೆರೆದಿತ್ತು. ಪುಷ್ಪತ್ತೆ ನಲ್ಲಿಯ ಹತ್ತಿರ ಹೋಗಿದ್ದರೇನೋ, ಕಾಣಲಿಲ್ಲ. ಒಳಗೆ ಆರ್ಮುಗಂ ಮಾಮ ಮಂಚದ ಮೇಲೆ ಕೂತಿದ್ದರು. ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಡೆಯ ಮೇಲಿತ್ತು. ನನ್ನನ್ನು ಕಂಡದ್ದೇ, ಅಂಗಿಯನ್ನು ಹಾಗೇ ಅವುಚಿಕೊಂಡು ಮಲಗಿ ಕಣ್ಣು ಮುಚ್ಚಿಕೊಂಡರು. ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಅಳು ಬಂತು. ಡಬ್ಬಿಯನ್ನು ಸದ್ದಾಗದಂತೆ ನೆಲಕ್ಕಿಟ್ಟು ತುದಿಗಾಲಿನಲ್ಲಿ ಹೊರಗೆ ಬಂದೆ. ಮಲಗಿದವರನ್ನು ಎಬ್ಬಿಸಬಾರದಲ್ಲ.

ಶಾಲೆ ಶುರುವಾಗುವ ಮುಂಚೆ ಅವರು ಪುಷ್ಪತ್ತೆಯ ತವರಿಗೆ, ಸೇಲಂ ಕಡೆಗೆ ಹೊರಟರು. ಲಗೇಜು ಆಟೋದ ಹಿಂದೆ ಪಾತ್ರೆ, ಹಾಸಿಗೆಗಳ ನಡುವೆ ಸೆಲ್ವಿ ಕೂತಿದ್ದಳು. ಏಳನೇ ಕ್ಲಾಸಿನಲ್ಲೂ ಒಂದೇ ಬೆಂಚು ಎಂದು ಮಾತಾಡಿಕೊಂಡಿದ್ದವರು ನಾವು. ಟವೆಲ್ ಇನ್ನೂ ಗೇಟಿನ ಮೇಲೇ ಇತ್ತು, ಯಾರೂ ಕೂಗಿ ಬೀಳ್ಕೊಡಲಿಲ್ಲ. ಆಟೋ ತಿರುವಿಗೆ ಬಂದಾಗ ಸೆಲ್ವಿ ಎರಡೂ ಕೈ ಮೇಲೆತ್ತಿದಳು. ನಾನೂ ಎತ್ತಿದೆ. ಅಮ್ಮ ಆ ಟವೆಲನ್ನು ಒಗೆದು ಮಡಿಸಿ, ಬಂದಾಗ ಕೊಡೋಣ ಎಂದು ಬೀರುವಿನಲ್ಲಿಟ್ಟರು. ಅವರು ಬರಲಿಲ್ಲ.

ಈಗ ನಾನಿರುವುದು ಶಿವಮೊಗ್ಗದ ಹೊಸ ಬಡಾವಣೆಯಲ್ಲಿ. ಎದುರು ಮನೆಯವರು ಎದ್ದಿದ್ದಾರೋ ಮಲಗಿದ್ದಾರೋ ನನಗೆ ತಿಳಿಯದು, ಅವರಿಗೂ ನನ್ನದು ತಿಳಿಯದು. ಎಲ್ಲರ ಗೇಟೂ ನನ್ನೆತ್ತರಕ್ಕಿಂತ ಮೇಲಿದೆ. ಮೊನ್ನೆ ಅಪ್ಪನನ್ನು ಕರೆದುಕೊಂಡು ಜನ್ನಾಪುರಕ್ಕೆ ಹೋಗಿದ್ದೆ. ರಾತ್ರಿ ಪಾಳಿಯೇ ಇಲ್ಲದ ಮೇಲೆ ಯಾವ ಗೇಟಿನ ಮೇಲೂ ಟವೆಲ್ ಇರಲಿಲ್ಲ. ಎಷ್ಟು ಬೇಕಾದರೂ ಕೂಗಬಹುದಾದ ಬೀದಿಯಲ್ಲಿ ಆಡುವ ಮಕ್ಕಳೂ ಕಾಣಲಿಲ್ಲ. ದಾರಿಯುದ್ದಕ್ಕೂ ಜೋರಾಗಿ ಮಾತಾಡುತ್ತಿದ್ದ ಅಪ್ಪ ಆರ್ಮುಗಂ ಮಾಮನ ಮನೆ ಮುಂದೆ ಬಂದಾಗ ದನಿ ತಗ್ಗಿಸಿದರು.

"ಒಂದಿನ ಹೋಗಿ ಬಾಗ್ಲು ತಟ್ಬೇಕಿತ್ತು ಕಣಮ್ಮಾ" ಅಂದರು. "ತಟ್ಟಿ ಏನ್ ಹೇಳ್ಬೇಕಿತ್ತು ಅಂತ ಮಾತ್ರ ನಂಗೆ ಇವತ್ತಿಗೂ ಗೊತ್ತಾಗಿಲ್ಲ."