ಕಬ್ಬಿಣದ ಹಣೆಗೆ ಹಚ್ಚಿದ ಕುಂಕುಮ

ನನ್ನ ಮೊಮ್ಮಗಳು ಮನೆಗೆ ಬಂದ ದಿನದ ಕತೆಯನ್ನು ನಾನು ಯಾವಾಗಲೂ ಕಾರಿನ ವಿಮೆಯಿಂದಲೇ ಶುರು ಮಾಡುತ್ತೇನೆ. ಕೇಳುವವರು ನಗುತ್ತಾರೆ. ನಗಲಿ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಕತೆ ಎಲ್ಲಿಂದ ಶುರುವಾಗಬೇಕು ಎಂದು ನನಗೆ ಯಾರೂ ಕಲಿಸಿಲ್ಲ. ನೆನೆದಾಗಲೆಲ್ಲ ಹಾಲು ಉಕ್ಕಿದ ಹಾಗೆ ಆಗುತ್ತದೆ. ಅದಕ್ಕೇ ಉರಿ ಸಣ್ಣದು ಮಾಡಿಕೊಂಡು ನಿಧಾನಕ್ಕೆ ಹೇಳುತ್ತೇನೆ.

ನಮ್ಮ ಮನೆಯವರದು ಗೋಕುಲ ರಸ್ತೆಯಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡು. ಬರೀ ಇಂಜಿನ್ನು, ನಾಲ್ಕು ಗಾಲಿ, ಎರಡು ಉದ್ದನೆಯ ಕಬ್ಬಿಣದ ತೊಲೆ ಇಟ್ಟುಕೊಂಡು ಎಲುಬಿನ ಗೂಡಿನಂತೆ ಬಂದ ಲಾರಿ ಇವರ ಕೈಯಲ್ಲಿ ಮೈ ತುಂಬಿಕೊಂಡು, ಬಣ್ಣ ಬಳಿದುಕೊಂಡು ಹೋಗುತ್ತಿತ್ತು. ಊರ ಗಾಡಿಗಳಿಗೆಲ್ಲ ಮೈ ಕೊಟ್ಟವರು ತಮಗೊಂದು ಬೇಕೆಂದು ಹಳೆಯ ವ್ಯಾನ್ ಒಂದನ್ನು ತಂದರು. ಒಳಗಿನ ಸೀಟು ಕಿತ್ತು ಎರಡು ಮಂಚ ಕೂಡಿಸಿದರು. ಒಲೆ ಇಡಲು ಕಟ್ಟೆ, ನೀರಿಗೆ ಡ್ರಮ್ಮು, ಕಿಟಕಿಗೆ ನನ್ನ ಹಳೆಯ ಸೀರೆಯ ಪರದೆ. ಶೆಡ್ಡಿಗೆ ಸೂಟಿ ಇದ್ದಾಗ ಬಾದಾಮಿ, ಗೋಕರ್ಣ, ಪಂಢರಪುರ ಎಂದು ಅದರಲ್ಲೇ ಹೋಗಿ, ಅದರಲ್ಲೇ ಉಂಡು, ಅದರಲ್ಲೇ ಮಲಗಿ ಬರುತ್ತಿದ್ದೆವು. ರಾಯಾಪುರದ ನಮ್ಮ ಓಣಿಯವರು ಅದಕ್ಕೆ ಮನಿಗಾಡಿ ಎಂದು ಹೆಸರಿಟ್ಟಿದ್ದರು.

ಆ ಮನಿಗಾಡಿಗೆ ಮೊದಲ ಸಲ ವಿಮೆ ಮಾಡಿಸಲು ಹೋದಾಗ ದೇಶಪಾಂಡೆ ನಗರದ ಏಜೆಂಟರು ಅದರ ಸುತ್ತ ಎರಡು ಸುತ್ತು ಹಾಕಿ, ಒಳಗೆ ಇಣುಕಿ, ತಲೆ ಕೆರೆದುಕೊಂಡಿದ್ದರು.

"ಕಾಕಾ, ಸಾಮಾನ ಒಯ್ಯೂ ಗಾಡಿ ಅಂತ ಬರೀಲೋ, ಮಂದಿ ಒಯ್ಯೂ ಗಾಡಿ ಅಂತ ಬರೀಲೋ? ಒಳಗ ಒಲಿ ಅದ, ಮಂಚ ಅದ. ಇದು ಗಾಡಿನೋ ಮನಿನೋ?"

"ಗಾಲಿ ಅದಾವಲ್ರೀ," ಎಂದಿದ್ದರು ಇವರು. "ಮನಿಗೆ ಗಾಲಿ ಇರ್ತಾವೇನು? ಬರೀರಿ ಗಾಡಿ ಅಂತ."

ಅಂದಿನಿಂದ ಪ್ರತಿ ವರ್ಷ ಯುಗಾದಿ ಮರೆತರೂ ಇವರು ಆ ಕಾಗದ ಮರೆತವರಲ್ಲ. "ಕಾಲಾಗ ಕೆರಾ ಇಲ್ಲದ ನಡದೇನು, ಇನ್ಶೂರೆನ್ಸ್ ಇಲ್ಲದ ಗೇರ್ ಹಾಕೂದಿಲ್ಲ" ಎನ್ನುವುದು ಇವರ ಮಾತು. ಅದು ಬರೀ ಮಾತಲ್ಲ, ಹಟ.

ಸಣ್ಣ ಕಾರಿನ ಆಸೆ ನನ್ನದು. ನಮ್ಮ ಮಗಳು ಮದುವೆಯಾಗಿ ಬಹಳ ವರ್ಷಕ್ಕೆ ಬಸಿರಾಗಿ, ದಿನ ತುಂಬಿ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ಅವಳಿಗೆ ಮನಿಗಾಡಿ ಹತ್ತಿದರೆ ಹೊಟ್ಟೆ ತೊಳಸುತ್ತಿತ್ತು. ಕೂಸನ್ನು ಮೆತ್ತಗೆ ತರಲು ಒಂದು ಸಣ್ಣ ಕಾರು ಇರಲಿ ಎಂದು ನಾನು ಇವರ ಬೆನ್ನು ಹತ್ತಿದೆ. ಧಾರವಾಡದಲ್ಲಿ ನಿವೃತ್ತರಾದ ಹೆಡ್‌ಮಾಸ್ತರರೊಬ್ಬರ ಬಿಳಿ ಕಾರು ಸಿಕ್ಕಿತು. ಪೇಟೆಗೆ, ಹಾಡಿಕೆಯ ಬೈಠಕ್ಕಿಗೆ ಬಿಟ್ಟರೆ ಎಲ್ಲಿಗೂ ಹೋಗದ ಕಾರು, ಕನ್ನಡಿಯಂತೆ ಇಟ್ಟಿದ್ದರು. ಮನೆಗೆ ತಂದ ಸಂಜೆ ಕೂತು ನೋಡಲು ಮಗಳು ಬಂದಳು. ನಾನು ಬಿಡಲಿಲ್ಲ. ಪೂಜೆ ಆಗದ ಗಾಡಿಯಲ್ಲಿ ಬಸಿರಿ ಹೆಂಗಸು ಕೂಡಬಾರದು.

ಮರುದಿನ ನಸುಕಿಗೇ ನೋವು ಬಂತು. ಪೂಜೆ ಆಗದ ಕಾರು ಅಂಗಳದಲ್ಲೇ ನಿಂತಿತು, ಮಗಳನ್ನು ಮನಿಗಾಡಿಯಲ್ಲಿ ಮಲಗಿಸಿಕೊಂಡು ಧಾರವಾಡದ ಆಸ್ಪತ್ರೆಗೆ ಹೋದೆವು. ರಸ್ತೆಯ ಒಂದೊಂದು ಕುಳಿಗೂ ಅವಳು ನನ್ನ ಕೈ ಹಿಂಡುತ್ತಿದ್ದಳು.

"ಅವ್ವಾ, ಹೋಗೂದೇನೋ ಆತು. ಬರೂವಾಗ ಈ ಗಾಡಿ ಒಟ್ಟ ಬ್ಯಾಡ!"

"ಬ್ಯಾಡವಾ ನನ್ನ ತಾಯಿ. ನಿನ್ನ ಕೂಸಿನ್ನ ಸಣ್ಣ ಕಾರಿನ್ಯಾಗ ಗ್ಲಾಸ್ ಏರಿಸಿ, ಹೂವಿನ್ಹಂಗ ತರತೀನಿ. ಇದು ನನ್ನ ಮಾತು" ಎಂದೆ.

ಹೆಣ್ಣು ಕೂಸು ಹುಟ್ಟಿತು! ಅಂಗೈ ಅಗಲದ ಮುಖ, ತಲೆ ತುಂಬ ಕೂದಲು, ಮುಚ್ಚಿದ ಮುಷ್ಟಿ. ನರ್ಸಮ್ಮ ಕೈಗೆ ಕೊಟ್ಟಾಗ ನಾನು ಅತ್ತೆನೋ ನಕ್ಕೆನೋ ನೆನಪಿಲ್ಲ. ಇವರು ಮಾತ್ರ ಆಸ್ಪತ್ರೆಯ ಬಾಗಿಲಲ್ಲಿ ಹೋಗುವವರು ಬರುವವರಿಗೆಲ್ಲ ಪೇಡೆ ಕೊಡುತ್ತ, ಗುರುತು ಇಲ್ಲದ ಮುದುಕರೊಬ್ಬರಿಗೆ ಎರಡು ಸಲ ಕೊಟ್ಟರು. ಮಗಳಿಗೆ ಹೊಟ್ಟೆ ಕೊಯ್ದು ಹೊಲಿಗೆ ಹಾಕಿದ್ದರು, ಅದಕ್ಕೇ ಕೆಲವು ದಿನ ಅಲ್ಲೇ ಇರಬೇಕಾಯಿತು. ಮನಿಗಾಡಿಯನ್ನು ಆಸ್ಪತ್ರೆಯ ಬೇವಿನ ಮರದ ಕೆಳಗೆ ನಿಲ್ಲಿಸಿ ಅಲ್ಲೇ ಸಂಸಾರ ಹೂಡಿದೆವು. ನಾನು ಗಂಜಿ ಕಾಯಿಸುವುದು, ಸುದ್ದಿ ಕೇಳಿ ಬಂದಿದ್ದ ಅಳಿಯಂದಿರು ಒಯ್ದು ಕೊಡುವುದು. ಬೇರೆ ಬಾಣಂತಿಯರ ಮನೆಯವರೂ ಚೊಂಬು ಹಿಡಿದು ಬಿಸಿನೀರಿಗೆ ಬರುತ್ತಿದ್ದರು. ನನಗೆ ಬೇಸರವೇ ಇಲ್ಲ. ಬಂದವರಿಗೆಲ್ಲ ಕೂಸಿನ ಮೂಗು ಯಾರ ಹಾಗಿದೆ ಎಂದು ಹೇಳುವ ಅವಕಾಶ.

ಒಂದು ಬೆಳಿಗ್ಗೆ ಡಾಕ್ಟರಮ್ಮ ಬಂದು, ಇವತ್ತು ಮನೆಗೆ ಹೋಗಬಹುದು ಎಂದರು. ಮರುದಿನ ಅಮಾವಾಸ್ಯೆ. ಅಮಾವಾಸ್ಯೆಗೆ ಬಾಣಂತಿ ಕೂಸು ಹೊಸ್ತಿಲು ದಾಟುವುದಿಲ್ಲ. ಹೋಗುವುದಾದರೆ ಇವತ್ತೇ, ಅದೂ ದೀಪ ಹಚ್ಚುವುದರೊಳಗೆ. ಅಳಿಯಂದಿರನ್ನೂ ಮನಿಗಾಡಿಯನ್ನೂ ಅಲ್ಲೇ ಬಿಟ್ಟು ನಾವಿಬ್ಬರೂ ಬಸ್ಸು ಹತ್ತಿ ಕಾರು ತರಲು ರಾಯಾಪುರಕ್ಕೆ ಬಂದೆವು.

ಮನೆಗೆ ಬಂದವರೇ ಇವರು ಸ್ನಾನಕ್ಕೆ ಹೋದರು, ನಾನು ಪೂಜೆಗೆ ಕೂತೆ. ಗಾಲಿಗೆ ನಿಂಬೆಹಣ್ಣು, ಮುಂದೆ ಹೂವಿನ ಹಾರ, ಗ್ಲಾಸಿಗೆ ವಿಭೂತಿ. ಇಷ್ಟು ಎಲ್ಲರೂ ಮಾಡುತ್ತಾರೆ. ನಮ್ಮ ಶೆಡ್ಡಿನವರದು ಇನ್ನೊಂದು ಪದ್ಧತಿ ಇದೆ. ಪ್ರತಿ ಗಾಡಿಯ ಕಬ್ಬಿಣದ ಮೇಲೂ ಕಂಪನಿಯವರು ಒಂದು ನಂಬರು ಕೆತ್ತಿ ಕಳಿಸಿರುತ್ತಾರೆ. ನನ್ನ ಅತ್ತೆಯವರು ಅದನ್ನು ಗಾಡಿಯ ಹಣೆ ಎನ್ನುತ್ತಿದ್ದರು. ಗಾಡಿಯ ಹಣೆಬರಹ ಅಲ್ಲಿ ಬರೆದಿದೆಯಲ್ಲ, ಕುಂಕುಮ ಅಲ್ಲಿಗೇ ಹಚ್ಚಬೇಕು, ಉದುರದಂತೆ ಎಣ್ಣೆಯಲ್ಲಿ ಕಲಸಿ ಹಚ್ಚಬೇಕು ಎಂದು. ನಾನು ಬಾನೆಟ್ಟು ಎತ್ತಿ ನಂಬರು ಹುಡುಕಿದೆ. ಮೊಮ್ಮಗಳು ಕೂಡುವ ಗಾಡಿ! ಕುಂಕುಮದ ಭರಣಿಯನ್ನೇ ಬಗ್ಗಿಸಿ, ಒಳ್ಳೆಣ್ಣೆಯಲ್ಲಿ ಕಲಸಿ, ಒಂದಂಕಿಯೂ ಕಾಣದಂತೆ ಮೆತ್ತಿದೆ.

ಅಷ್ಟರಲ್ಲಿ ಇವರು ಕಾರಿನ ಕಾಗದಗಳನ್ನು ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತರು. ಮುಖ ಇಳಿದಿತ್ತು. ಹೆಡ್‌ಮಾಸ್ತರರು ಮಾಡಿಸಿದ್ದ ವಿಮೆಯ ಅವಧಿ ನಾವು ಆಸ್ಪತ್ರೆಯಲ್ಲಿದ್ದಾಗಲೇ ಮುಗಿದಿತ್ತು. ಪೇಡೆ ಹಂಚುವ ಸಡಗರದಲ್ಲಿ ಇವರೂ ಮರೆತಿದ್ದರು. ಯುಗಾದಿ ಮರೆತರೂ ವಿಮೆ ಮರೆಯದ ಮನುಷ್ಯ!

"ಅಲ್ರೀ, ಮನಿಗಾಡಿದು ಐತೆಲ್ಲ?" ಎಂದೆ. "ಆಕಳ ಕೊಂಡರ ಕರು ಜೋಡಿನ ಬರತೈತಿ. ಬಸ್ಸಿನ್ಯಾಗ ಕಂಕುಳಾಗಿನ ಕೂಸಿಗೆ ಯಾರರ ಟಿಕೀಟ್ ಕೇಳ್ತಾರೇನು? ದೊಡ್ಡದರ ಜೋಡಿ ಸಣ್ಣದೂ ನಡೀತೈತಿ."

"ನಡಿಯೂದಿಲ್ಲ. ನಿನ್ನ ಕರು ಡಾಂಬರ್ ರೋಡಿಗೆ ಇಳಿಯೂದೈತಿ."

"ಇವತ್ತೊಂದ ದಿನ?"

"ಇವತ್ತ ಒಳಗ ಕೂಡಾಕಿ ಯಾರು, ಹೇಳು."

ಇವರೇ ತಡೆದು, "ಬಾಡಿಗಿ ಗಾಡಿ ತರಸ್ತೀನಿ ಬಿಡು, ಮನಿ ಮುಟ್ಟಿದರಾತು" ಎಂದರು. ಬುದ್ಧಿಗೆ ಅದು ಸರಿ. ಮನಸ್ಸಿಗೆ ಸರಿ ಅನಿಸಲಿಲ್ಲ. ಎಷ್ಟು ವರ್ಷ ಕಾದು ಬಂದ ಕೂಸು, ಯಾರ್ಯಾರೋ ಕೂತೆದ್ದ ಸೀಟಿನಲ್ಲಿ ಮೊದಲ ಸಲ ಮನೆಗೆ ಬರುವುದೇ? ಮಗಳಿಗೆ ಕೊಟ್ಟ ಮಾತು? ನನ್ನ ಕಣ್ಣು ನೋಡಿ ಇವರು ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಯ ಫೋನಿನಿಂದ ಏಜೆಂಟರನ್ನು ಕರೆಯಲು ಹೋದರು.

ಏಜೆಂಟರು ಸ್ಕೂಟರಿನಲ್ಲಿ ಬಂದಾಗ ಬಿಸಿಲು ಇಳಿಮುಖವಾಗಿತ್ತು. ಮನಿಗಾಡಿ ನೋಡಿ ತಲೆ ಕೆರೆದುಕೊಂಡಿದ್ದ ಅದೇ ಏಜೆಂಟರು. ನಿಂತಲ್ಲೇ ವಿಮೆಯ ಕಾಗದ ಬರೆದುಕೊಡುವ ಪುಸ್ತಕವನ್ನೂ ತಂದಿದ್ದರು.

"ಕಾಕಾ, ಅವಧಿ ಮುಗದದ. ಹಂಗಾಗಿ ಗಾಡಿ ಕಣ್ಣಿಲೆ ನೋಡಿ, ಚಾಸಿ ನಂಬರಿನ ಅಚ್ಚು ತಗೊಂಡು ಹೊಸದು ಮಾಡಬೇಕು. ಐದು ಮಿನಿಟಿನ ಕೆಲಸ."

ಅಚ್ಚು ಎಂದರೆ ಮತ್ತೇನಲ್ಲ. ಮಕ್ಕಳು ನಾಣ್ಯದ ಮೇಲೆ ಹಾಳೆ ಇಟ್ಟು ಪೆನ್ಸಿಲ್ಲಿನಿಂದ ತಿಕ್ಕಿದರೆ ಸಿಂಹ ಮೂಡುತ್ತದಲ್ಲ, ಹಾಗೆಯೇ ಕೆತ್ತಿದ ನಂಬರಿನ ಮೇಲೆ ತೆಳು ಹಾಳೆ ಇಟ್ಟು ತಿಕ್ಕಬೇಕು. ಏಜೆಂಟರು ಬಾನೆಟ್ಟು ಎತ್ತಿದರು. ಬಗ್ಗಿ ನೋಡಿದರು.

"ಅವ್ವಾರ, ಇಲ್ಲಿ ನಂಬರ್ ಇತ್ತಲ್ರೀ?"

"ಐತೆಲ್ಲ, ಕೆಳಗ ಐತಿ."

ಹಾಗೇ ಹಾಳೆ ಇಟ್ಟು ತಿಕ್ಕಿ ನೋಡಿದರು. ಹಾಳೆ ಎಣ್ಣೆ ಕುಡಿದು ಕೆಂಪಗಾಗಿ ಪೆನ್ಸಿಲ್ಲಿಗೇ ಮೆತ್ತಿಕೊಂಡಿತು. ಇನ್ನೊಂದು ಹಾಳೆಯೂ ಹಾಗೆಯೇ. ಅದನ್ನು ಬೆಳಕಿಗೆ ಹಿಡಿದು, "ಇದು ಅಚ್ಚು ಅಲ್ರೀ ಕಾಕಾ, ಮಿರ್ಚಿ ಭಜಿ ಕಟ್ಟಿದ ಪೇಪರ್ ಆತು. ಆಫೀಸಿನ್ಯಾಗ ತಿಂದು ಬಂದಾನ ಅಂತಾರ" ಎಂದರು. ಇವರು ಚಿಂದಿ ಬಟ್ಟೆ ತೆಗೆದುಕೊಂಡು ಮುಂದೆ ಬಂದರು.

"ಮುಟ್ಟಬ್ಯಾಡ್ರಿ!" ಎಂದು ನಾನು ಅಡ್ಡ ನಿಂತೆ.

ಹಠಕ್ಕಲ್ಲ. ಶೆಡ್ಡಿನಲ್ಲಿ ಆ ಕುಂಕುಮವನ್ನು ಲಾರಿ ಸಿದ್ಧವಾಗಿ ಗೇಟು ದಾಟುವ ತನಕ ಯಾರೂ ಒರೆಸುವುದಿಲ್ಲ. ಹಚ್ಚಿದ ಕೆಲಸ ಮುಗಿಯುವ ಮೊದಲು ಒರೆಸಿದರೆ ಆ ಕೆಲಸವನ್ನೇ ಒರೆಸಿದಂತೆ ಎಂದು ಅತ್ತೆಯವರು ಹೇಳುತ್ತಿದ್ದರು. ಈ ಗಾಡಿಯ ಕೆಲಸ ಯಾವುದು? ಕೂಸನ್ನು ತರುವುದು. ಅದಿನ್ನೂ ಆಗಿಲ್ಲ. ನನ್ನ ಕೈಯಾರೆ ಹೇಗೆ ಒರೆಸಲಿ?

"ಹಂಗಾರ ಬಾಡಿಗಿ ಗಾಡಿನ" ಎಂದರು ಇವರು, ಸಿಟ್ಟಿಲ್ಲದೆ. "ಹೊತ್ತು ನೋಡು. ಆಕಿ ಅಲ್ಲೆ ಕೂಸಿನ್ನ ಸುತ್ತಿಕೊಂಡು ದಾರಿ ಕಾಯಾಕತ್ತಿರ್ತಾಳ."

ಏಜೆಂಟರು ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿಕೊಂಡು ಕಟ್ಟೆಯ ಮೇಲೆ ಕೂತರು. ಗಡಿಬಿಡಿ ಮಾಡಲಿಲ್ಲ. ನಾನು ಬಾನೆಟ್ಟಿನ ಮುಂದೆ ನಿಂತು ಆ ಕೆಂಪನ್ನೇ ನೋಡುತ್ತಿದ್ದೆ. ದೇವರ ಗುಡಿಯಲ್ಲಿ ಹೀಗೇ ನಿಂತಿರುತ್ತೇವಲ್ಲ ಅನಿಸಿತು. ಹಾಗೆ ಅನಿಸಿದ್ದೇ ತಡ, ನಗು ಬಂತು. ಗುಡಿಯಲ್ಲಿ ಪೂಜಾರಪ್ಪ ದೇವರ ಮೈಮೇಲಿನ ಗಂಧ ತೆಗೆದು ನಮಗೆ ಕೊಡುತ್ತಾನೆ. ದೇವರನ್ನು ಒರೆಸಿದ ಎಂದು ಯಾರಾದರೂ ಅನ್ನುತ್ತಾರೆಯೇ?

"ಒರಸೂದು ಬ್ಯಾರೆ, ಪ್ರಸಾದ ತಗೊಳ್ಳೂದು ಬ್ಯಾರೆ" ಎಂದೆ. "ಬರ್ರಿ ಇಲ್ಲೆ. ಹಣಿ ತೋರಸ್ರಿ."

ಮೊದಲು ನನ್ನ ಹಣೆಗೆ ಹಚ್ಚಿಕೊಂಡೆ. ಆಮೇಲೆ ಇವರ ಹಣೆಗೆ, ಹುಬ್ಬಿನಿಂದ ಹುಬ್ಬಿಗೆ. ಏಜೆಂಟರು ಬಗ್ಗಿ ನಿಂತರು, ಅವರಿಗೂ. ಕುಂಕುಮ ಇನ್ನೂ ಇತ್ತು. ಪಕ್ಕದ ಮನೆಯಾಕೆಯನ್ನು ಕರೆದೆ, ಅವಳ ಸೊಸೆಯನ್ನು ಕರೆದೆ, ರಸ್ತೆಯಲ್ಲಿ ಹೊರಟಿದ್ದ ಹಾಲಿನವಳನ್ನೂ ಕರೆದೆ.

"ಯಾರದರೀ ಲಗ್ನ?" ಎಂದಳು ಹಾಲಿನವಳು.

"ಕಾರಿಂದು" ಎಂದರು ಏಜೆಂಟರು. "ಬಾಸಿಂಗ ಒಂದು ಕಟ್ಟೂದು ಉಳದದ."

ಒಬ್ಬೊಬ್ಬರ ಹಣೆ ಕೆಂಪಾದಂತೆ ಕಬ್ಬಿಣದ ಹಣೆ ಬೆಳ್ಳಗಾಗುತ್ತ ಬಂತು. ಉಳಿದ ಎಣ್ಣೆಯನ್ನು ದೀಪಕ್ಕೆಂದು ಇಟ್ಟಿದ್ದ ಹತ್ತಿಯಿಂದ ಒತ್ತಿ ತೆಗೆದೆ. ಏಜೆಂಟರು ಹೊಸ ಹಾಳೆ ಇಟ್ಟು ಪೆನ್ಸಿಲ್ಲು ಆಡಿಸಿದರು. ಒಂದೊಂದೇ ಅಂಕಿ ಕತ್ತಲೆಯಿಂದ ಎದ್ದು ಬಂದಂತೆ ಮೂಡಿತು. ಬಾನೆಟ್ಟಿನ ಮೇಲೇ ಪುಸ್ತಕ ಇಟ್ಟುಕೊಂಡು ಬರೆದು, ಹರಿದು, ಇವರ ಕೈಗೆ ಕೊಟ್ಟರು. ಇವರು ಅದನ್ನು ಮಡಚಿ ಎದೆಯ ಕಿಸೆಯಲ್ಲಿ ಇಟ್ಟುಕೊಂಡು, ಒಮ್ಮೆ ಮುಟ್ಟಿ ನೋಡಿಕೊಂಡು, ಆಮೇಲೆ ಕೀಲಿ ತಿರುಗಿಸಿದರು.

"ಹೋಗಿ ಬರ್ರಿ ಅವ್ವಾರ" ಎಂದರು, ಇವರಿಂದ ಆಕಳು ಕರುವಿನ ಮಾತು ಕೇಳಿದ್ದ ಏಜೆಂಟರು. "ಇನ್ನ ನಿಮ್ಮ ಕರು ತನ್ನ ಕಾಲಮ್ಯಾಲೆ ನಿಂತದ."

ಆಸ್ಪತ್ರೆಯಲ್ಲಿ ಮಗಳು ಕೂಸನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲನ್ನೇ ನೋಡುತ್ತ ಕೂತಿದ್ದಳು. ನಮ್ಮಿಬ್ಬರ ಹಣೆ ನೋಡಿ, ಹೊಲಿಗೆ ಹಿಡಿದುಕೊಂಡು ನಕ್ಕಳು. "ಅಯ್ಯ ಅವ್ವಾ, ನಗಸಬ್ಯಾಡ್ರಿ, ನೋವಾಗತೈತಿ! ಏನ ಅವತಾರ ಇದು?" ಹೇಳುತ್ತ ಕೂಡಲು ಹೊತ್ತಿರಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಅವಳನ್ನು ಕೂಡಿಸಿ, ಕೂಸನ್ನು ನಾನು ಎತ್ತಿಕೊಂಡೆ. ಗ್ಲಾಸು ಏರಿಸಿದೆವು. ಇವರು ಹೊರಟ ವೇಗಕ್ಕೆ ಸೈಕಲ್ಲಿನವರು ನಮ್ಮನ್ನು ದಾಟಿ ಹೋಗಿ ತಿರುಗಿ ನೋಡಿದರು. ಹಿಂದೆ ಅಳಿಯಂದಿರು ಮನಿಗಾಡಿಯನ್ನು ನಡೆಸಿಕೊಂಡು, ಯಾರೂ ನಮಗೆ ಹತ್ತಿರ ಬರದಂತೆ ಅಗಲಕ್ಕೆ ಬರುತ್ತಿದ್ದರು. ಆಕಳು ಹಿಂದೆ, ಕರು ಮುಂದೆ. ಸತ್ತೂರು ದಾಟುವಾಗ ಕೂಸು ಒಮ್ಮೆ ಕಣ್ಣು ಬಿಟ್ಟಿತು. ಸಂಜೆಯ ಬಿಸಿಲು ಅದರ ಕೆನ್ನೆಯ ಮೇಲಿತ್ತು. ನನ್ನ ತೋಳಲ್ಲಿ ಒಂದು ಕುಲುಕೂ ಅದಕ್ಕೆ ತಾಗಲಿಲ್ಲ.

ದೀಪ ಹಚ್ಚುವ ಮೊದಲೇ ಮನೆ ಮುಟ್ಟಿದೆವು. ಪಕ್ಕದ ಮನೆಯಾಕೆ ಆರತಿ ತಟ್ಟೆ ಸಿದ್ಧ ಮಾಡಿ ಹೊಸ್ತಿಲಲ್ಲೇ ನಿಂತಿದ್ದಳು. ಮಗಳ ಹಣೆಗೆ ಹಚ್ಚೋಣವೆಂದು ನಾನು ಭರಣಿಗೆ ಕೈ ಹಾಕಿದೆ. ಭರಣಿ ಖಾಲಿ. ಪೂಜೆಗೆಂದು ಎಲ್ಲವನ್ನೂ ಕಾರಿಗೇ ಸುರಿದಿದ್ದೆನಲ್ಲ! ಪಕ್ಕದ ಮನೆಯಾಕೆ, "ನಮ್ಮನ್ಯಾಗಿಂದು ತರತೀನಿ ತಡೀರಿ" ಎಂದು ತಿರುಗಿದಳು.

"ಯಾಕ, ಇಲ್ಲೆ ಐತೆಲ್ಲ" ಎಂದು ಇವರು ನನ್ನ ಮುಂದೆ ತಲೆ ಬಗ್ಗಿಸಿದರು.

ಇವರ ಹಣೆಯಿಂದ ಬೆರಳ ತುದಿಗೆ ತೆಗೆದುಕೊಂಡೆ. ಮಗಳ ಹಣೆಗೆ ಹಚ್ಚಿದೆ. ಇನ್ನೂ ಇಷ್ಟೇ ಇಷ್ಟು ಉಳಿದಿತ್ತು. ಅದರಿಂದ ಕೂಸಿನ ಅಂಗಾಲಿಗೆ ಒಂದು ಚುಕ್ಕೆ ಇಟ್ಟೆ. ಅದು ಕಾಲನ್ನು ಒಮ್ಮೆ ಒಳಗೆಳೆದುಕೊಂಡು, ಮತ್ತೆ ಚಾಚಿತು.